ತಳಾರ, ಕಳ್ಳ ಮತ್ತು ಅರಸ: ಜೈನ ಕಥಾಪರಂಪರೆಯಲ್ಲಿ ಆರೋಪದ ಪ್ರಶ್ನೆ

ಹಳಗನ್ನಡ ಕಥೆಗಳನ್ನು ಓದುವವರಿಗೆ ತಳಾರ ಎಂಬ ಪದ ಹೊಸದಲ್ಲ. ಪಟ್ಟಣದ ಕಾವಲಿನ ಹೊಣೆ ಹೊತ್ತವನು, ಕಳ್ಳರನ್ನು ಹಿಡಿಯುವವನು, ಅರಸನ ಆಜ್ಞೆಯಂತೆ ದಂಡನೆಯನ್ನು ನಡೆಸುವವನು ಅವನು. ಈ ಪದದ ಬಂಧುಗಳು ಬಹು ಹಿಂದಿನವು. ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ ಮಹಾತಲವರ ಎಂಬುದು ಉನ್ನತ ಅಧಿಕಾರಿಗಳ ಬಿರುದು. ಮುಂದಿನ ಕಾಲದಲ್ಲಿ ಅದೇ ಪದ ತಳವಾರ, ತಳಾರಿ ಎಂಬ ರೂಪಗಳಲ್ಲಿ ಹಳ್ಳಿಯ ಕಾವಲುಗಾರನಿಗೆ ಇಳಿದುಬಂತು. ಹನ್ನೆರಡು ಮಂದಿ ಆಯಗಾರರ ಪಟ್ಟಿಯಲ್ಲಿ ಅವನಿಗೂ ಸ್ಥಾನವಿತ್ತು. ಅರಮನೆಯ ಬಿರುದು ಊರ ಬಾಗಿಲ ಕಾವಲಿಗೆ ಇಳಿದ ಈ ಪಯಣವೇ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು. ಇಲ್ಲಿ ಪ್ರಸ್ತುತವಾಗುವುದು ಬೇರೊಂದು ಸಂಗತಿ. ಜೈನ ಕಥೆಗಳಲ್ಲಿ ತಳಾರನು ಕಾಣಿಸಿಕೊಂಡಲ್ಲೆಲ್ಲ ಒಂದು ಪ್ರಶ್ನೆಯೂ ಅವನ ಬೆನ್ನಿಗೇ ಬರುತ್ತದೆ: ಒಬ್ಬನನ್ನು ಕಳ್ಳನೆಂದು ಹೇಳುವ ಅಧಿಕಾರ ಯಾರಿಗಿದೆ, ಯಾವ ಆಧಾರದ ಮೇಲೆ?

ಆರೋಪ ಸಿದ್ಧವಾಗುವ ತನಕ ಆರೋಪಕ್ಕೊಳಗಾದವನನ್ನು ನಿರಪರಾಧಿಯೆಂದೇ ಭಾವಿಸಬೇಕೆಂಬುದು ಆಧುನಿಕ ನ್ಯಾಯಶಾಸ್ತ್ರದ ಮೂಲತತ್ತ್ವಗಳಲ್ಲೊಂದು. ಇದನ್ನು ಹಾಗೆಯೇ ಪ್ರಾಚೀನ ಗ್ರಂಥಗಳಲ್ಲಿ ಹುಡುಕುವುದು ಕಾಲದೋಷವಾದೀತು. ಆರಾಧನಾ ಕಥೆಗಳ ಗುರಿ ವೈರಾಗ್ಯ ಮತ್ತು ಸಮಾಧಿಮರಣ; ನ್ಯಾಯವಿಚಾರಣೆಯ ವಿಧಿಗಳಲ್ಲ. ಆದರೂ ಈ ತತ್ತ್ವ ಯಾವ ಭಯದಿಂದ ಹುಟ್ಟಿತೋ ಆ ಭಯವನ್ನು ಜೈನ ಕಥೆಗಾರರು ಬಲ್ಲವರಾಗಿದ್ದರು. ತಪ್ಪು ಮನುಷ್ಯನಿಗೆ ದಂಡನೆ ಆದೀತೆಂಬುದು, ಹಿಂಸೆ ಸುಳ್ಳನ್ನು ನುಡಿಸೀತೆಂಬುದು, ಆರೋಪಿಸುವವನೇ ಅಪರಾಧಿಯಾಗಿದ್ದಾನೆಂಬುದು ಆ ಭಯದ ಮೂರು ಮುಖಗಳು. ಇವುಗಳನ್ನು ಮೂರು ಕಥೆಗಳಲ್ಲಿ ಕಾಣಬಹುದು.

ಏಳು ದಿನಗಳ ಗಡುವು

ಹತ್ತೊಂಬತ್ತು ಕಥೆಗಳ ‘ವಡ್ಡಾರಾಧನೆ’ಯಲ್ಲಿ ವಿದ್ಯುಚ್ಚೋರ ರಿಸಿಯ ಕಥೆ ಒಂದು. ಸಂಸ್ಕೃತದಲ್ಲಿ ಹರಿಷೇಣನ ‘ಬೃಹತ್ಕಥಾಕೋಶ’ದಲ್ಲಿಯೂ ಈ ಕಥೆಯಿದೆ. ಮಿಥಿಲೆಯ ಅರಸ ವಾಮರಥ. ಅವನ ತಳಾರ ಯಮದಂಡ. ಅದೇ ಪಟ್ಟಣದಲ್ಲಿ ವಿದ್ಯುಚ್ಚೋರನೆಂಬ ಕಳ್ಳನಿದ್ದಾನೆ. ಹಗಲಿನಲ್ಲಿ ಅವನು ಪಾಳುಬಿದ್ದ ದೇಗುಲದಲ್ಲಿ ಕುಷ್ಠರೋಗಿಯ ವೇಷದಿಂದ ಬಿದ್ದಿರುತ್ತಾನೆ. ಇರುಳಿನಲ್ಲಿ ದಿವ್ಯರೂಪ ತಾಳಿ ಕಳವು ಮಾಡುತ್ತಾನೆ. ಒಂದು ದಿನ ಅರಸನ ಹಾರವೇ ಮಾಯವಾಗುತ್ತದೆ. ಏಳು ದಿನಗಳೊಳಗೆ ಕಳ್ಳನನ್ನು ಹಿಡಿದು ತರಬೇಕು, ತರದಿದ್ದರೆ ಕಳ್ಳನಿಗೆ ಸಲ್ಲುವ ದಂಡನೆ ನಿನಗೆ ಸಲ್ಲುತ್ತದೆಂದು ಅರಸನು ತಳಾರನಿಗೆ ಗಡುವು ಕೊಡುತ್ತಾನೆ.

ಈ ಗಡುವು ಕಥೆಗಾರನ ಕಲ್ಪನೆ ಮಾತ್ರವಲ್ಲ. ಕಳವಾದ ಒಡವೆಯನ್ನು ಹುಡುಕಿಸಿ ಒಡೆಯನಿಗೆ ಮರಳಿಸುವುದು ಅರಸನ ಹೊಣೆಯೆಂದೂ ಕಳ್ಳನ ಜಾಡು ಊರಿನಿಂದ ಹೊರಹೋಗದಿದ್ದರೆ ಊರಿನ ಮುಖ್ಯಸ್ಥನು ನಷ್ಟ ತುಂಬಬೇಕೆಂದೂ ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ಕಾವಲುಗಾರನನ್ನು ಹೊಣೆಗಾರನನ್ನಾಗಿಸುವ ಈ ವಿಧಿ ಪ್ರಜೆಗಳ ಹಿತಕ್ಕಾಗಿಯೇ ಹುಟ್ಟಿದ್ದು. ಅದರ ಇನ್ನೊಂದು ಫಲವನ್ನು ಕಥೆ ತೋರಿಸುತ್ತದೆ. ಯಾರನ್ನಾದರೂ ಹಿಡಿದು ತರದಿದ್ದರೆ ತನ್ನ ತಲೆಯೇ ಹೋಗುವ ಅಧಿಕಾರಿಗೆ ನಿಜವಾದ ಕಳ್ಳ ಬೇಕೇ ಅಥವಾ ಒಬ್ಬ ಕಳ್ಳ ಬೇಕೇ? ಏಳನೆಯ ದಿನ ಯಮದಂಡನು ಪಾಳುದೇಗುಲದ ಕುಷ್ಠರೋಗಿಯನ್ನು ಹಿಡಿದು ತಂದು ಇವನೇ ಕಳ್ಳನೆನ್ನುತ್ತಾನೆ. ತಾನು ಕಳ್ಳನಲ್ಲವೆಂದು ಅವನು ಹೇಳುತ್ತಾನೆ. ತಳಾರನು ಅವನನ್ನು ಮೂವತ್ತೆರಡು ಬಗೆಯ ದಂಡನೆಗಳಿಗೆ ಗುರಿಪಡಿಸುತ್ತಾನೆ. ಬೆಳಗಾದರೂ ಆ ಬಾಯಿಂದ ತಪ್ಪೊಪ್ಪಿಗೆ ಹೊರಡುವುದಿಲ್ಲ.

ಇಲ್ಲಿ ಕಥೆಯ ಸೂಕ್ಷ್ಮವನ್ನು ಗಮನಿಸಬೇಕು. ತಳಾರನ ಊಹೆ ಸರಿಯಾಗಿದೆ. ಹಿಡಿತಂದವನು ನಿಜವಾಗಿಯೂ ಕಳ್ಳನೇ. ನಿರಪರಾಧಿಯೊಬ್ಬನ ನೋವನ್ನು ತೋರಿಸಿ ಕರುಣೆ ಹುಟ್ಟಿಸುವ ಸುಲಭದ ದಾರಿಯನ್ನು ಕಥೆಗಾರನು ಹಿಡಿದಿಲ್ಲ. ಅಪರಾಧಿಯನ್ನೇ ಹಿಂಸಿಸಿದರೂ ಹಿಂಸೆಯಿಂದ ಸತ್ಯ ಹೊರಡಲಿಲ್ಲವೆಂದು ಅವನು ಹೇಳುತ್ತಿದ್ದಾನೆ. ಅರಸನ ಕೋಪ ಈಗ ತಳಾರನತ್ತ ತಿರುಗುತ್ತದೆ. ಯಮದಂಡನಿಗೆ ದಂಡನೆ ನಿಶ್ಚಿತವಾದಾಗ ವಿದ್ಯುಚ್ಚೋರನು ತಾನಾಗಿಯೇ ಬಾಯಿಬಿಡುತ್ತಾನೆ. ಅಭಯವನ್ನು ಬೇಡಿ, ತಳಾರನ ಮಾತು ನಿಜ, ಕಳ್ಳನು ತಾನೇ ಎಂದು ಒಪ್ಪಿಕೊಳ್ಳುತ್ತಾನೆ. ಅಷ್ಟು ನೋವನ್ನು ಹೇಗೆ ಸಹಿಸಿದೆಯೆಂದು ಅರಸನು ಕೇಳಿದಾಗ, ನರಕದ ದುಃಖಗಳನ್ನು ಮುನಿಯೊಬ್ಬರಿಂದ ಕೇಳಿದ್ದೆನೆಂದೂ ಅವುಗಳ ಮುಂದೆ ಇವು ಏನೂ ಅಲ್ಲವೆಂದು ತಿಳಿದು ಸಹಿಸಿದೆನೆಂದೂ ಉತ್ತರಿಸುತ್ತಾನೆ. ಕಳ್ಳನೂ ತಳಾರನೂ ಬಾಲ್ಯದ ಗೆಳೆಯರು; ಒಬ್ಬ ಕಳವಿನ ವಿದ್ಯೆಯನ್ನೂ ಇನ್ನೊಬ್ಬ ಕಾವಲಿನ ವಿದ್ಯೆಯನ್ನೂ ಕಲಿತವರು ಎಂಬುದು ಆಮೇಲೆ ತಿಳಿಯುತ್ತದೆ. ಮುಂದೆ ವಿದ್ಯುಚ್ಚೋರನು ದೀಕ್ಷೆ ಪಡೆದು, ತಾಮ್ರಲಿಪ್ತಿಯಲ್ಲಿ ಉಪಸರ್ಗವನ್ನು ಸಹಿಸಿ ಸಿದ್ಧಿ ಪಡೆಯುತ್ತಾನೆ.

ಮೂವತ್ತೆರಡು ದಂಡನೆಗಳು ಹೊರಡಿಸಲಾರದ ಸತ್ಯ ಅಭಯದಿಂದ ಹೊರಟಿತು. ತನ್ನ ದೆಸೆಯಿಂದ ಇನ್ನೊಬ್ಬನು ಸಾಯಬಾರದೆಂಬ ಅರಿವು ಅದಕ್ಕೆ ಕಾರಣವಾಯಿತು. ಅಭಯದಾನವನ್ನು ದಾನಗಳಲ್ಲಿ ಶ್ರೇಷ್ಠವೆಂದು ಎಣಿಸುವ ಪರಂಪರೆಯೊಂದು ನ್ಯಾಯವಿಚಾರಣೆಯ ಪ್ರಸಂಗದಲ್ಲಿ ಆ ಮಾತನ್ನು ಸಾಧಿಸಿ ತೋರಿಸಿದ ಬಗೆಯಿದು.

ಮಾಂಡವ್ಯನ ಎಚ್ಚರಿಕೆ

ಹಿಂಸೆಯ ಮೂಲಕ ಪಡೆದ ತಪ್ಪೊಪ್ಪಿಗೆಯನ್ನು ನಂಬಬಾರದೆಂಬ ತಿಳಿವಳಿಕೆ ರಾಜನೀತಿಯ ಗ್ರಂಥಗಳಿಗೂ ಅಪರಿಚಿತವಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣ ಈ ವಿಷಯಕ್ಕೆ ಮೀಸಲು. ಯಾರನ್ನು ಶಂಕಿಸಬಹುದೆಂಬ ದೀರ್ಘವಾದ ಪಟ್ಟಿಯನ್ನು ಅಲ್ಲಿ ಕೊಡಲಾಗಿದೆ. ಮೂರು ರಾತ್ರಿಗಳು ಕಳೆದ ಬಳಿಕ ಕೇವಲ ಶಂಕೆಯ ಮೇಲೆ ಯಾರನ್ನೂ ಹಿಡಿಯಬಾರದೆಂಬ ಮಿತಿಯೂ ಅಲ್ಲಿಯೇ ಇದೆ. ಕೌಟಿಲ್ಯನು ಹಿಂಸೆಯನ್ನು ನಿಷೇಧಿಸುವುದಿಲ್ಲ. ದೋಷವು ಬಹುಮಟ್ಟಿಗೆ ಕಂಡುಬಂದವನಿಗೆ ಅದನ್ನು ಅನುಮತಿಸಿ, ಅದರ ವಿಧಗಳನ್ನೂ ಎಣಿಸುತ್ತಾನೆ. ಅದೇ ಅಧ್ಯಾಯದಲ್ಲಿ ಅವನು ಮಾಂಡವ್ಯನನ್ನು ನೆನೆಯುತ್ತಾನೆ. ಕಳ್ಳರ ದಾರಿಯಲ್ಲಿ ಆಕಸ್ಮಿಕವಾಗಿ ಸಿಕ್ಕವನು, ವೇಷದಲ್ಲಿಯೋ ಆಯುಧದಲ್ಲಿಯೋ ಕಳ್ಳರನ್ನು ಹೋಲುವವನು, ಕಳವಿನ ಮಾಲಿನ ಬಳಿ ನಿಂತಿದ್ದವನು ಕಳ್ಳನೆಂದು ಹಿಡಿಯಲ್ಪಡಬಹುದು. ಮಾಂಡವ್ಯನು ಹಿಂಸೆಯ ಭಯದಿಂದ, ಕಳ್ಳನಲ್ಲದಿದ್ದರೂ ಕಳ್ಳನೆಂದು ಹೇಳಿಕೊಂಡನು. ಆದುದರಿಂದ ಪ್ರಮಾಣಗಳು ಪೂರ್ಣಗೊಂಡ ಮೇಲೆಯೇ ದಂಡಿಸಬೇಕು ಎಂಬುದು ಅವನ ನಿರ್ಣಯ.

ಮಹಾಭಾರತದ ಮಾಂಡವ್ಯ ಬೇರೆ ರೀತಿಯವನು. ಅಲ್ಲಿ ಅವನು ಮೌನವ್ರತಿ. ಉತ್ತರ ಕೊಡದ ಕಾರಣಕ್ಕೆ ಕಳ್ಳರೊಡನೆ ಶೂಲಕ್ಕೇರುತ್ತಾನೆ. ಒಬ್ಬನೇ ಋಷಿ ಒಂದು ಕಡೆ ಮಾತನಾಡಿ ಕೆಟ್ಟ, ಇನ್ನೊಂದು ಕಡೆ ಮಾತನಾಡದೆ ಕೆಟ್ಟ. ಮೌನವನ್ನು ಒಪ್ಪಿಗೆಯೆಂದು ತಿಳಿಯುವ, ಒಪ್ಪಿಗೆಯನ್ನು ಸತ್ಯವೆಂದು ತಿಳಿಯುವ ಎರಡು ತಪ್ಪುಗಳಿಗೂ ಅವನ ಹೆಸರು ಸಾಕ್ಷಿಯಾಗಿ ನಿಂತಿದೆ.

ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ವೇಮುಲವಾಡ ಚಾಲುಕ್ಯರ ಆಶ್ರಯದಲ್ಲಿದ್ದ ಜೈನಾಚಾರ್ಯ ಸೋಮದೇವಸೂರಿಯ ‘ನೀತಿವಾಕ್ಯಾಮೃತ’ ಕೌಟಿಲ್ಯನಿಗೆ ಬಹಳ ಋಣಿಯಾದ ಗ್ರಂಥ. ದಂಡನೀತಿಯ ಪ್ರಕರಣದಲ್ಲಿ ಸೋಮದೇವನು ದಂಡವನ್ನು ವೈದ್ಯಕ್ಕೆ ಹೋಲಿಸುತ್ತಾನೆ. ದೋಷವನ್ನು ಶುದ್ಧಿಗೊಳಿಸುವುದು ಅದರ ಕೆಲಸ, ದೋಷವಿದ್ದಷ್ಟೇ ದಂಡ, ಅದು ಪ್ರಜಾಪಾಲನೆಗಾಗಿ, ಧನಕ್ಕಾಗಿ ಅಲ್ಲ. ಹೋಲಿಕೆಯನ್ನು ಮುಂದುವರಿಸಿದರೆ ಒಂದು ತಾತ್ಪರ್ಯ ತಾನಾಗಿಯೇ ಹೊರಡುತ್ತದೆ. ರೋಗವನ್ನು ನಿರ್ಣಯಿಸದೆ ಮದ್ದು ಕೊಡುವವನು ವೈದ್ಯನಲ್ಲ.

ಕೇಳದೆ ಕೊಂದ ಅರಸ

ಎರಡನೆಯ ಕಥೆ ತಮಿಳುನಾಡಿನದು. ಇಳಂಗೋ ಅಡಿಗಳ ‘ಶಿಲಪ್ಪದಿಕಾರಂ’ ಕಾವ್ಯದ ಕರ್ತೃವನ್ನು ಪರಂಪರೆ ಜೈನನೆಂದು ಗುರುತಿಸುತ್ತದೆ. ಕೋವಲನ್ ಮತ್ತು ಕಣ್ಣಗಿಯರ ಜೊತೆಗೆ ಮಧುರೆಯವರೆಗೆ ನಡೆದುಬರುವ ಕವುಂದಿ ಅಡಿಗಳು ಜೈನ ಸಾಧ್ವಿ. ರಾಣಿಯ ಕಾಲಂದುಗೆಯನ್ನು ಕದ್ದ ಅಕ್ಕಸಾಲಿಗನು, ತನ್ನ ಹೆಂಡತಿಯ ಕಾಲಂದುಗೆಯನ್ನು ಮಾರಲು ಬಂದ ಕೋವಲನ್‌ನನ್ನು ಕಂಡು ಅವನ ಮೇಲೆಯೇ ಕಳವನ್ನು ಹೊರಿಸುತ್ತಾನೆ. ಪಾಂಡ್ಯ ಅರಸ ಆಗ ಮುನಿದ ರಾಣಿಯನ್ನು ಸಂತೈಸಲು ಅವಸರದಲ್ಲಿ ಹೊರಟಿದ್ದಾನೆ. ಆಭರಣ ಅವನ ಬಳಿಯಿದ್ದರೆ ಅವನನ್ನು ಕೊಂದು ಅದನ್ನು ತನ್ನಿರೆಂದು ಕಾವಲಿನವರಿಗೆ ಆಜ್ಞಾಪಿಸುತ್ತಾನೆ. ಆರೋಪಿತನನ್ನು ಕರೆಸುವುದಿಲ್ಲ, ಕೇಳುವುದಿಲ್ಲ.

ಕಾವಲಿನವರಲ್ಲಿ ಒಬ್ಬನಿಗೆ ಅನುಮಾನ ಬರುತ್ತದೆ. ಈತನ ಲಕ್ಷಣ ನೋಡಿದರೆ ಕಳ್ಳನಂತೆ ಕಾಣುವುದಿಲ್ಲವೆಂದು ಅವನು ಹೇಳುತ್ತಾನೆ. ಅಕ್ಕಸಾಲಿಗನು ನಕ್ಕು, ಕಳ್ಳರ ಚಾತುರ್ಯದ ಬಗ್ಗೆ ಉಪನ್ಯಾಸವನ್ನೇ ಕೊಡುತ್ತಾನೆ. ಮಂತ್ರ, ದೈವ, ಮದ್ದು, ನಿಮಿತ್ತ, ವಂಚನೆ, ದೇಶ, ಕಾಲ, ಉಪಕರಣ ಎಂಬ ಎಂಟು ಸಾಧನಗಳನ್ನು ಎಣಿಸುತ್ತಾನೆ. ಕಳ್ಳನಂತೆ ಕಾಣದಿರುವುದೇ ಪಳಗಿದ ಕಳ್ಳನ ಗುರುತು ಎಂಬುದು ಅವನ ವಾದದ ತಿರುಳು. ಈ ತರ್ಕದ ಮುಂದೆ ಯಾವ ನಿರಪರಾಧಿಯೂ ಉಳಿಯಲಾರ. ಕಂಡರೆ ಕಳ್ಳ, ಕಾಣದಿದ್ದರೆ ಇನ್ನೂ ದೊಡ್ಡ ಕಳ್ಳ. ಉಳಿದವರು ಇನ್ನೂ ಚರ್ಚಿಸುತ್ತಿರುವಾಗಲೇ ವಿವೇಕವಿಲ್ಲದ ಒಬ್ಬ ಕುಡುಕ ಕತ್ತಿ ಬೀಸಿಬಿಡುತ್ತಾನೆ. ಸಾಕ್ಷ್ಯ ಕೇಳಿದ್ದು ಕಣ್ಣಗಿಯೊಬ್ಬಳೇ, ಅದೂ ಗಂಡ ಸತ್ತ ಮೇಲೆ. ರಾಣಿಯ ಕಾಲಂದುಗೆಯ ಒಳಗಿದ್ದುದು ಮುತ್ತು. ಕಣ್ಣಗಿಯದು ಒಡೆದಾಗ ಚಿಮ್ಮಿದ್ದು ಮಾಣಿಕ್ಯ. ಒಂದು ಪ್ರಶ್ನೆ ಕೇಳಿದ್ದರೆ ಗೊತ್ತಾಗುತ್ತಿದ್ದ ಸಂಗತಿ ಅದು. ತಾನೇ ಕಳ್ಳನೆಂದು ಅರಿತ ಪಾಂಡ್ಯನು ಸಿಂಹಾಸನದಿಂದ ಕುಸಿದು ಸಾಯುತ್ತಾನೆ. ಸುದ್ದಿ ಕೇಳಿದ ಕವುಂದಿ ಅಡಿಗಳು ಅನ್ನ ಬಿಟ್ಟು ದೇಹತ್ಯಾಗ ಮಾಡುತ್ತಾರೆ.

ಕಾವ್ಯ ಇಲ್ಲಿಗೆ ನಿಲ್ಲುವುದಿಲ್ಲ. ಮಧುರೆಯ ನಗರದೇವತೆ ಕಣ್ಣಗಿಗೆ ಪೂರ್ವಜನ್ಮದ ವೃತ್ತಾಂತವನ್ನು ಹೇಳುತ್ತಾಳೆ. ಕಳಿಂಗದ ಸಿಂಗಪುರದಲ್ಲಿ ಭರತನೆಂಬ ಹೆಸರಿನವನಾಗಿದ್ದ ಕೋವಲನ್, ಆಭರಣ ಮಾರಲು ಬಂದ ಸಂಗಮನ್ ಎಂಬ ವರ್ತಕನನ್ನು ಶತ್ರುವಿನ ಗೂಢಚಾರನೆಂದು ಅರಸನಿಗೆ ಹೇಳಿ ಕೊಲ್ಲಿಸಿದ್ದನು. ಸಂಗಮನ್‌ನ ಹೆಂಡತಿ ನೀಲಿಯ ಶಾಪ ಈ ಜನ್ಮದಲ್ಲಿ ಫಲಿಸಿತು. ಈ ಭಾಗವನ್ನು ಕರ್ಮಸಿದ್ಧಾಂತದ ಸಮರ್ಥನೆಯೆಂದು ಮಾತ್ರ ಓದಿದರೆ ಪಾಂಡ್ಯನ ತಪ್ಪು ಹಗುರವಾಗಿಬಿಡುವ ಅಪಾಯವಿದೆ. ಕಾವ್ಯ ಹಾಗೆ ಮಾಡಿಲ್ಲ. ಅರಸನ ಸಾವು, ನಗರದ ದಹನ ಎರಡೂ ಆ ಮೊದಲೇ ನಡೆದುಹೋಗಿವೆ. ಪೂರ್ವಜನ್ಮದ ಕಥೆ ಹೇಳುವುದು ಬೇರೊಂದು ಮಾತನ್ನು: ಕರ್ಮದ ಕಣ್ಣಿನಲ್ಲಿ ಸುಳ್ಳು ಆರೋಪ ಕೊಲೆಗೆ ಸಮ.

ಕಳ್ಳನಾದ ಅರಸ

ಮೂರನೆಯದು ‘ಸಮ್ಯಕ್ತ್ವಕೌಮುದಿ’ಯೊಳಗಿನ ಸುಯೋಧನ ರಾಜನ ಕಥೆ. ಸಂಸ್ಕೃತದಲ್ಲಿ ಪ್ರಸಿದ್ಧವಾದ ಈ ಕಥಾಗುಚ್ಛವನ್ನು ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡಕ್ಕೆ ತಂದನು. ಇಲ್ಲಿಯೂ ತಳಾರನ ಹೆಸರು ಯಮದಂಡ. ಗಡುವು ಏಳೇ ದಿನ. ಉಳಿದುದೆಲ್ಲ ತಲೆಕೆಳಗು. ಹಸ್ತಿನಾಪುರದ ಸುಯೋಧನನು ದಂಡಯಾತ್ರೆಗೆ ಹೋಗಿ ಮರಳಿದಾಗ ಪ್ರಜೆಗಳು ತಳಾರನ ರಕ್ಷಣೆಯನ್ನು ಹೊಗಳುವುದನ್ನು ಕೇಳುತ್ತಾನೆ. ಅರಸನಿಗೆ ಅಸೂಯೆ ಹುಟ್ಟುತ್ತದೆ. ಮಂತ್ರಿ, ಪುರೋಹಿತರೊಡನೆ ಸೇರಿ ತನ್ನ ಭಂಡಾರಕ್ಕೆ ತಾನೇ ಕನ್ನ ಹಾಕಿ, ಏಳು ದಿನಗಳಲ್ಲಿ ಕಳ್ಳನನ್ನು ತಾರದಿದ್ದರೆ ಕೊಲ್ಲಿಸುವೆನೆಂದು ತಳಾರನಿಗೆ ಹೇಳುತ್ತಾನೆ. ಕನ್ನದ ಬಳಿ ಯಮದಂಡನಿಗೆ ಅರಸನ ಪಾದುಕೆ, ಮಂತ್ರಿಯ ಮುದ್ರೆಯುಂಗುರ, ಪುರೋಹಿತನ ಜನಿವಾರ ಸಿಗುತ್ತವೆ.

ಸಾಕ್ಷ್ಯ ಕೈಯಲ್ಲಿದೆ, ಅಪರಾಧಿ ಸಿಂಹಾಸನದ ಮೇಲಿದ್ದಾನೆ. ಯಮದಂಡನು ಆರೋಪ ಮಾಡುವುದಿಲ್ಲ. ಪ್ರತಿದಿನವೂ ಆಸ್ಥಾನಕ್ಕೆ ಬಂದು ಒಂದು ಕಥೆ ಹೇಳುತ್ತಾನೆ. ತಾವು ನೆಲೆಸಿದ ಮರಕ್ಕೆ ಹಬ್ಬಿದ ಬಳ್ಳಿಯನ್ನು ಎಳೆಯದರಲ್ಲೇ ಕತ್ತರಿಸದೆ, ಆ ಬಳ್ಳಿಯನ್ನೇ ಹಿಡಿದು ಏರಿದ ಬೇಡನಿಗೆ ಸಿಕ್ಕ ಹಂಸಗಳ ಕಥೆ. ತನ್ನ ಜೀವನಕ್ಕೆ ಆಧಾರವಾಗಿದ್ದ ಮಣ್ಣಿನ ಗುಂಡಿಯೇ ಕುಸಿದು ಸೊಂಟ ಮುರಿದುಕೊಂಡ ಕುಂಬಾರನ ಕಥೆ. ಕಾಯಬೇಕಾದುದೇ ಕೊಲ್ಲುವುದಾದರೆ ಯಾರ ಮೊರೆಹೋಗಬೇಕೆಂಬುದು ಎಲ್ಲ ಕಥೆಗಳ ಸೂಚನೆ. ಅರಸನಿಗೆ ತಿದ್ದಿಕೊಳ್ಳಲು ಏಳು ಅವಕಾಶಗಳು ಸಿಕ್ಕವು. ಅವನು ಒಂದನ್ನೂ ಬಳಸಿಕೊಳ್ಳಲಿಲ್ಲ. ಎಂಟನೆಯ ದಿನ ಯಮದಂಡನು ಮಹಾಜನರ ಸಭೆಯ ಮುಂದೆ ಪಾದುಕೆ, ಉಂಗುರ, ಜನಿವಾರಗಳನ್ನು ಇಡುತ್ತಾನೆ. ಮಹಾಜನರು ವಿಚಾರಿಸಿ ಮೂವರನ್ನೂ ಹೊರಗಟ್ಟಿ, ಅವರ ಸ್ಥಾನಗಳಲ್ಲಿ ಅವರ ಮಕ್ಕಳನ್ನು ಕೂರಿಸುತ್ತಾರೆ.

ಈ ಕಥೆಯ ರಾಜಕೀಯ ಧೈರ್ಯ ಸಾಮಾನ್ಯವಾದುದಲ್ಲ. ಗಡುವು ಕೊಟ್ಟವನ ಮೇಲೆಯೇ ಸಾಕ್ಷ್ಯ ತಿರುಗಬಹುದು, ಅದನ್ನು ತೂಗಿನೋಡಲು ಅರಸನಿಗಿಂತ ಹೊರಗಿನ ಸಭೆಯೊಂದು ಬೇಕು ಎಂಬ ಅರಿವು ಇಲ್ಲಿದೆ. ತಳಾರನ ಸಂಯಮವೂ ಗಮನಾರ್ಹ. ಸಾಕ್ಷ್ಯವನ್ನು ಬೀದಿಯಲ್ಲಿ ಸಾರದೆ, ತೀರ್ಪು ಕೊಡಬಲ್ಲ ಸಭೆ ಸೇರುವವರೆಗೆ ಅವನು ಕಾಯುತ್ತಾನೆ.

ಅಭ್ಯಾಖ್ಯಾನವೆಂಬ ದೋಷ

ಈ ಕಥೆಗಳ ಹಿಂದಿರುವ ನೈತಿಕ ಪರಿಭಾಷೆಯನ್ನೂ ಕಾಣಬೇಕು. ಜೈನಶಾಸ್ತ್ರದಲ್ಲಿ ಅಭ್ಯಾಖ್ಯಾನವೆಂಬ ಪದವಿದೆ. ಮಾಡದವನ ಮೇಲೆ ಕೃತ್ಯವನ್ನು ಹೊರಿಸಿ, ಇದನ್ನು ಮಾಡಿದವನು ಇವನೇ ಎಂದು ನುಡಿಯುವುದು ಅದರ ಅರ್ಥ. ಶ್ವೇತಾಂಬರರ ಹದಿನೆಂಟು ಪಾಪಸ್ಥಾನಗಳಲ್ಲಿ ಅದೊಂದು. ಅಕಲಂಕನ ‘ರಾಜವಾರ್ತಿಕ’ ಎಣಿಸುವ ಹನ್ನೆರಡು ಬಗೆಯ ಭಾಷೆಗಳಲ್ಲಿ ಅದೇ ಮೊದಲನೆಯದು. ಕಲಹ, ಪೈಶುನ್ಯಗಳು ಅದರ ಬೆನ್ನಿಗೆ ಬರುತ್ತವೆ. ಈ ಅನುಕ್ರಮವೇ ಅರ್ಥಪೂರ್ಣ. ಮೊದಲು ಹೊರಿಸುವುದು, ಆಮೇಲೆ ಜಗಳ, ಆಮೇಲೆ ಚಾಡಿ. ‘ತತ್ತ್ವಾರ್ಥಸೂತ್ರ’ವು ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವನ್ನು ಸೇರಿಸುವಾಗ ಗೃಹಸ್ಥನ ನಿತ್ಯದ ನಾಲಗೆಗೂ ಈ ಎಚ್ಚರಿಕೆಯನ್ನು ವಿಸ್ತರಿಸುತ್ತದೆ. ನ್ಯಾಯಾಲಯದ ತತ್ತ್ವ ಪ್ರಭುತ್ವದ ಕೈಯನ್ನು ಕಟ್ಟುತ್ತದೆ. ಅಣುವ್ರತ ಸಾಮಾನ್ಯನ ಬಾಯನ್ನು ಕಟ್ಟುತ್ತದೆ. ಸಾರ್ವಜನಿಕ ಜೀವನದಲ್ಲಿ ನಿರಪರಾಧಿತ್ವದ ಭಾವನೆ ಉಳಿಯಬೇಕಾದರೆ ಎರಡೂ ಬೇಕು.

1855ರಿಂದ 1872ರವರೆಗೆ

ಕಥೆಗಳು ಹೇಳಿದ ಅಪಾಯ ಶಾಸನದ ಭಾಷೆಗೆ ಬರಲು ಬಹುಕಾಲ ಹಿಡಿಯಿತು. ಮದ್ರಾಸ್ ಪ್ರಾಂತದಲ್ಲಿ ಹಿಂಸೆಯ ಆರೋಪಗಳನ್ನು ಪರಿಶೀಲಿಸಲು ನೇಮಕವಾದ ಆಯೋಗವು 1855ರಲ್ಲಿ ವರದಿ ಕೊಟ್ಟಿತು. ಬಳ್ಳಾರಿ ಮತ್ತು ಕೆನರಾ ಆಗ ಆ ಪ್ರಾಂತಕ್ಕೇ ಸೇರಿದ್ದವು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಕೆಳಹಂತದ ಅಧಿಕಾರಿಗಳು ಹಿಂಸೆಯನ್ನು ಬಳಸುತ್ತಿದ್ದುದು ಅಲ್ಲಿ ದೃಢಪಟ್ಟಿತು. ಕಂದಾಯ, ಪೊಲೀಸ್ ಎರಡೂ ಅಧಿಕಾರಗಳು ಒಂದೇ ಕೈಯಲ್ಲಿದ್ದುದು ಅದಕ್ಕೆ ಅನುಕೂಲವಾಗಿತ್ತು. 1859ರ ಮದ್ರಾಸ್ ಪೊಲೀಸ್ ಕಾಯಿದೆ, 1861ರ ಪೊಲೀಸ್ ಕಾಯಿದೆಗಳು ಅನಂತರ ಬಂದವು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲವೆಂದು 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ಸಾರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ನಿಯಮ ಉಳಿದಿದೆ. ಯಮದಂಡನ ಮೂವತ್ತೆರಡು ದಂಡನೆಗಳಿಗೆ ಶಾಸನ ಕೊಟ್ಟ ಉತ್ತರವಿದು.

ಅದೇ ಕಾಲ ಇದಕ್ಕೆ ತೀರ ವಿರುದ್ಧವಾದ ಶಾಸನವನ್ನೂ ಕಂಡಿತು. ಸಾಕ್ಷ್ಯ ಅಧಿನಿಯಮವನ್ನು ರೂಪಿಸಿದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಕಾನೂನು ಸದಸ್ಯರಾಗಿದ್ದಾಗಲೇ, 1871ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯಿದೆ ಅಂಗೀಕಾರವಾಯಿತು. ಒಂದು ಸಮುದಾಯವನ್ನು ಸರ್ಕಾರ ಅಪರಾಧಿಯೆಂದು ಅಧಿಸೂಚಿಸಿದರೆ ಯಾವ ನ್ಯಾಯಾಲಯವೂ ಅದನ್ನು ಪ್ರಶ್ನಿಸುವಂತಿರಲಿಲ್ಲ. ಹೆಸರು ನೋಂದಣಿ, ಹಾಜರಿ, ಊರು ಬಿಡಲು ಪಾಸು ಇವೆಲ್ಲ ಕೃತ್ಯಕ್ಕೆ ಕೊಟ್ಟ ಶಿಕ್ಷೆಯಾಗಿರಲಿಲ್ಲ. ಹುಟ್ಟಿಗೆ ಕೊಟ್ಟ ಶಿಕ್ಷೆಯಾಗಿದ್ದವು. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಈ ವ್ಯವಸ್ಥೆ 1911ರ ಕಾಯಿದೆಯಿಂದ ಎಲ್ಲೆಡೆ ಹರಡಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ವಸಾಹತುಗಳು ಏರ್ಪಟ್ಟವು. ಸೆಟ್ಲ್‌ಮೆಂಟ್ ಎಂಬ ಬಡಾವಣೆಯ ಹೆಸರು ಆ ಇತಿಹಾಸದ ಗುರುತಾಗಿ ಇಂದಿಗೂ ಜನರ ಬಾಯಲ್ಲಿದೆ. 1952ರಲ್ಲಿ ಕಾಯಿದೆ ರದ್ದಾದರೂ ರೂಢಿಗತ ಅಪರಾಧಿಗಳ ಕಾಯಿದೆಗಳು ರಾಜ್ಯಗಳಲ್ಲಿ ಬಂದವು; ಮೈಸೂರು ರಾಜ್ಯದ ಕಾಯಿದೆ 1961ರದು. ಸೆರೆಮನೆಯ ಕೈಪಿಡಿಗಳಲ್ಲಿ ಉಳಿದಿದ್ದ ಜಾತಿಭೇದದ ನಿಯಮಗಳನ್ನೂ ವಿಮುಕ್ತ ಸಮುದಾಯಗಳನ್ನು ಹುಟ್ಟಿನಿಂದ ಶಂಕಿಸುವ ದೃಷ್ಟಿಯನ್ನೂ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿದ್ದು 2024ರ ಅಕ್ಟೋಬರ್‌ನಲ್ಲಿ. ವ್ಯಕ್ತಿಯ ವಿಷಯದಲ್ಲಿ ಸಾಕ್ಷ್ಯ ಬೇಕೆಂದ ಶಾಸನಯುಗವೇ ಸಮುದಾಯದ ವಿಷಯದಲ್ಲಿ ಸಾಕ್ಷ್ಯ ಬೇಡವೆಂದಿತು. ಹಲವು ತಲೆಮಾರುಗಳ ಮೇಲೆ ಹೊರಿಸಿದ ಅಭ್ಯಾಖ್ಯಾನ ಅದು.

ಇಂದು ಸಂವಿಧಾನದ 20ನೆಯ ಅನುಚ್ಛೇದ ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳುವ ಒತ್ತಾಯದಿಂದ ಕಾಪಾಡುತ್ತದೆ. 21ನೆಯದು ಜೀವ ಮತ್ತು ಸ್ವಾತಂತ್ರ್ಯವನ್ನು ಕಾಪಾಡುತ್ತದೆ. ಹೀಗಿದ್ದರೂ ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ 2022ರ ಅಂಕಿಅಂಶಗಳಂತೆ ದೇಶದ ಸೆರೆಯಾಳುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನರು. ತೀರ್ಪು ಬರುವ ಮೊದಲೇ ಅವರ ಹೆಸರಿನ ಮೇಲೆ ತೀರ್ಪು ಬಿದ್ದಿರುತ್ತದೆ. ಬಂಧನದ ಚಿತ್ರ ಮುಖಪುಟದಲ್ಲಿ ಬರುತ್ತದೆ, ಖುಲಾಸೆಯ ಸುದ್ದಿ ಒಳಪುಟದಲ್ಲಿಯೂ ಬರುವುದಿಲ್ಲ. ಭಾಷೆಯೂ ಇದರಲ್ಲಿ ಪಾಲುಗೊಂಡಿದೆ. ಸಂಸ್ಕೃತದ ರಚನೆಯಂತೆ ಆರೋಪಿ ಎಂದರೆ ಆರೋಪಿಸುವವನು. ಕನ್ನಡದ ಬಳಕೆಯಲ್ಲಿ ಅದು ಆರೋಪ ಹೊತ್ತವನಿಗೇ ಅಂಟಿಕೊಂಡಿದೆ. ಹೊರಿಸುವವನ ಹೆಸರು ಹೊತ್ತವನ ಪಾಲಾದಾಗ, ಹೊರಿಸುವವನು ಕಣ್ಣಿಗೆ ಬೀಳದೆ ಮರೆಯಾಗುತ್ತಾನೆ.

ಮಧುರೆಯ ಅಕ್ಕಸಾಲಿಗನೂ ಹಸ್ತಿನಾಪುರದ ಸುಯೋಧನನೂ ನಿಂತಿದ್ದುದು ಆ ಮರೆಯಲ್ಲಿಯೇ. ಹಿಡಿದು ತಂದವನನ್ನು ನೋಡುವ ಮೊದಲು ಹೊರಿಸಿದವನ ಕೈಯನ್ನು ನೋಡಬೇಕೆಂಬುದನ್ನು, ಕಾಲಂದುಗೆಯೊಳಗಿರುವುದು ಮುತ್ತೋ ಮಾಣಿಕ್ಯವೋ ಎಂದು ಕತ್ತಿ ಏಳುವ ಮೊದಲೇ ಕೇಳಬೇಕೆಂಬುದನ್ನು ಈ ಕಥೆಗಳು ತಮ್ಮ ಕಾಲಕ್ಕೆ ಹೇಳಿದವು. ಹಾಗೆ ಕೇಳುವ ವ್ಯವಧಾನವಿದ್ದ ನಾಡಿನಲ್ಲಿ ಮಾತ್ರ ವಿದ್ಯುಚ್ಚೋರನಂಥವನು ಅಭಯ ಪಡೆದು ಸತ್ಯ ನುಡಿಯಬಲ್ಲ.